ಶನಿವಾರ ರಾತ್ರಿ ಆಮೆ, ಭಾನುವಾರ ಬೆಳಿಗ್ಗೆ ಪೊಂಗಲ್

ಕೇಳುಗರಿಗೆಲ್ಲ ನಮಸ್ಕಾರ.

ಕೆಲಸದ ಸಲುವಾಗಿ ಊರು ಬಿಟ್ಟು ಬೇರೆ ನಗರಕ್ಕೆ ಹೋದವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಅಷ್ಟೇನೂ ತೊಂದರೆಯಿಲ್ಲ. ಆಫೀಸು ಇರುತ್ತದೆ, ಮಾತಾಡಿಸುವವರು ಇರುತ್ತಾರೆ. ಹೊತ್ತು ಹೋಗದೆ ಕಷ್ಟವಾಗುವುದು ಶನಿವಾರ. ಬಟ್ಟೆ ಒಗೆದಾಯಿತು, ಅಮ್ಮನಿಗೆ ಫೋನ್ ಮಾಡಿಯಾಯಿತು, ಆಮೇಲೆ? ಮಾಲ್‌ಗೆ ಹೋಗೋಣವೆಂದರೆ ಎಲ್ಲ ಊರಿನ ಮಾಲೂ ಒಂದೇ ಥರ, ಅಲ್ವಾ? ನಾನು ಶಿವಮೊಗ್ಗದಿಂದ ಚೆನ್ನೈಗೆ ಹೋದ ಹೊಸದರಲ್ಲಿ ಹೀಗೇ ಇತ್ತು. ಈಗ ವಾರವಿಡೀ ಶನಿವಾರ ಯಾವಾಗ ಬರುತ್ತದೋ ಅಂತ ಕಾಯುತ್ತೇನೆ. ಆ ಊರನ್ನು ನನಗೆ ಹತ್ತಿರ ಮಾಡಿದ್ದು ಕಡಲಾಮೆಗಳು, ಆಮೇಲೆ ಅಲ್ಲಿನ ಹೋಟೆಲುಗಳು. ಇವತ್ತು ಅದನ್ನೇ ನಿಮಗೆ ಹೇಳಬೇಕು.

ಮೊದಲು ಆಮೆಗಳ ವಿಷಯ.

ಪ್ರತಿ ವರ್ಷ ಜನವರಿಯಿಂದ ಹೆಚ್ಚುಕಡಿಮೆ ಮಾರ್ಚ್ ಮುಗಿಯುವವರೆಗೆ ಚೆನ್ನೈನ ತೀರಕ್ಕೆ ಆಲಿವ್ ರಿಡ್ಲೆ ಅನ್ನುವ ಕಡಲಾಮೆಗಳು ಬರುತ್ತವೆ. ರಾತ್ರಿ ಹೊತ್ತು ಮರಳಿಗೆ ಹತ್ತಿ, ಗುಂಡಿ ತೋಡಿ, ಮೊಟ್ಟೆಯಿಟ್ಟು ಹೋಗುತ್ತವೆ. ಹೆಣ್ಣಾಮೆ ತಾನು ಹುಟ್ಟಿದ ತೀರದ ಕಡೆಗೇ ಮೊಟ್ಟೆಯಿಡಲು ತಿರುಗಿ ಬರುತ್ತದೆ. ಅದು ಮರಿಯಾಗಿ ನೀರಿಗೆ ಇಳಿದಾಗ ಅಲ್ಲಿ ಇಷ್ಟೊಂದು ಕಟ್ಟಡ ಇರಲಿಲ್ಲ, ಇಷ್ಟೊಂದು ದೀಪ ಇರಲಿಲ್ಲ. ಆಮೆಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಅದು ಬರುತ್ತದೆ.

ಈ ದೀಪಗಳಿಂದಲೇ ತೊಂದರೆ. ಮರಿಗಳು ಸಾಮಾನ್ಯವಾಗಿ ರಾತ್ರಿ ಹೊತ್ತು ಮರಳಿನಿಂದ ಮೇಲೆ ಬರುತ್ತವೆ. ಬಂದ ಕೂಡಲೇ ಎಲ್ಲಿ ಬೆಳಕು ಜಾಸ್ತಿಯೋ ಆ ಕಡೆ ತೆವಳುತ್ತವೆ. ಕತ್ತಲ ತೀರದಲ್ಲಿ ಬೆಳಕು ಕಾಣುವುದು ಸಮುದ್ರದ ಮೇಲೆ, ಚಂದ್ರ ಮತ್ತು ನಕ್ಷತ್ರಗಳ ಬೆಳಕು ಬಿದ್ದು. ನಗರದ ತೀರದಲ್ಲಿ ಬೆಳಕಿರುವುದು ರಸ್ತೆಯಲ್ಲಿ. ಹಾಗಾಗಿ ಮರಿ ನೀರಿಗೆ ಬೆನ್ನು ಹಾಕಿ ರಸ್ತೆ ಕಡೆ ಹೊರಡುತ್ತದೆ. ದಾರಿಯಲ್ಲಿ ನಾಯಿ, ಕಾಗೆ, ಕೊನೆಗೆ ವಾಹನ. ಯಾರಾದರೂ ಕೈ ಹಾಕದಿದ್ದರೆ ಒಂದು ಗೂಡಿನ ಮರಿಗಳೆಲ್ಲ ಒಂದೇ ರಾತ್ರಿಯಲ್ಲಿ ಹೋಗಿಬಿಡಬಹುದು.

ಕೈ ಹಾಕಿದವರಿದ್ದಾರೆ. 1970ರ ದಶಕದ ಆರಂಭದಲ್ಲೇ ಉರಗತಜ್ಞ ರೋಮುಲಸ್ ವಿಟೇಕರ್, ಕಡಲಾಮೆ ಸಂಶೋಧಕ ಸತೀಶ್ ಭಾಸ್ಕರ್ ಮತ್ತು ಅವರ ಸ್ನೇಹಿತರು ಮದ್ರಾಸಿನ ತೀರದಲ್ಲಿ ರಾತ್ರಿ ನಡೆದು ಆಮೆ ಗೂಡು ಹುಡುಕುತ್ತಿದ್ದರು. 1988ರಲ್ಲಿ ಕಾಲೇಜು ಹುಡುಗ ಹುಡುಗಿಯರೇ ಸೇರಿ ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಷನ್ ನೆಟ್‌ವರ್ಕ್ ಅಂತ ಒಂದು ಗುಂಪು ಕಟ್ಟಿದರು. ಅಂದಿನಿಂದ ಇದು ನಡೆಯುತ್ತಲೇ ಇದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಮಾಡುವ ಕೆಲಸ. ಸೀಸನ್‌ನಲ್ಲಿ ಸ್ವಯಂಸೇವಕರು ಪ್ರತಿ ರಾತ್ರಿಯೂ ನಡೆಯುತ್ತಾರೆ, ವಾರಾಂತ್ಯದಲ್ಲಿ ನಮ್ಮಂಥ ಸಾರ್ವಜನಿಕರನ್ನೂ ಕರೆದುಕೊಂಡು ಹೋಗುತ್ತಾರೆ. ನೀಲಾಂಗರೈನಿಂದ ಬೆಸೆಂಟ್ ನಗರದವರೆಗೆ ಆರೇಳು ಕಿಲೋಮೀಟರ್. ಹೊರಡುವುದು ಮಧ್ಯರಾತ್ರಿಯ ಆಸುಪಾಸು, ಮುಗಿಯುವಾಗ ಬೆಳಗಿನ ಜಾವ.

ಟಾರ್ಚ್ ಹಾಕುವ ಹಾಗಿಲ್ಲ. ಮೊಬೈಲ್ ಜೇಬಿನಲ್ಲಿರಬೇಕು. ಸ್ವಲ್ಪ ಹೊತ್ತು ನಡೆದರೆ ಕಣ್ಣು ಕತ್ತಲಿಗೆ ಒಗ್ಗುತ್ತದೆ, ಮರಳು ತಾನಾಗಿ ಕಾಣುತ್ತದೆ. ಹುಡುಕುವುದು ಆಮೆಯನ್ನಲ್ಲ, ಅದರ ಜಾಡನ್ನು. ನೀರಿನಿಂದ ಮೇಲಕ್ಕೆ ಒಂದು ಜಾಡು, ಅಲ್ಲಿಂದ ವಾಪಸ್ ನೀರಿಗೆ ಇನ್ನೊಂದು. ಎರಡೂ ಬದಿ ಈಜುಗಾಲು ಒತ್ತಿದ ಗುರುತು, ಮಧ್ಯೆ ಹೊಟ್ಟೆ ಎಳೆದ ಗೆರೆ. ಎರಡು ಜಾಡು ಸೇರುವ ಕಡೆ ಮರಳು ಕೆದರಿರುತ್ತದೆ. ತಿಳಿದವರು ಅಲ್ಲಿ ಕೋಲನ್ನು ಮೆಲ್ಲಗೆ ಊರಿ ನೋಡುತ್ತಾರೆ. ಒಂದು ಜಾಗದಲ್ಲಿ ಕೋಲು ಸುಲಭವಾಗಿ ಇಳಿಯುತ್ತದೆ. ಅಲ್ಲೇ ಗೂಡು.

ಆಮೇಲೆ ಎಲ್ಲ ಕೈಯಲ್ಲೇ. ಮಂಡಿಯೂರಿ ಕೂತು, ಮೊಣಕೈಯವರೆಗೆ ಮರಳಿನೊಳಗೆ ಇಳಿಸಿ ಮೊಟ್ಟೆ ತೆಗೆಯುತ್ತಾರೆ. ಒಂದೊಂದೇ. ಪಿಂಗ್‌ಪಾಂಗ್ ಚೆಂಡಿನಂತೆ ಬಿಳಿ, ದುಂಡಗೆ. ಆದರೆ ಚಿಪ್ಪು ಗಟ್ಟಿಯಿಲ್ಲ, ಬೆರಳು ತಾಗಿದರೆ ಮೆತ್ತಗೆ ಒಳಕ್ಕೆ ಹೋಗುತ್ತದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು. ಎಣಿಸುತ್ತಾ ಚೀಲಕ್ಕೆ ಇಡಬೇಕು, ಜೊತೆಗೆ ಆ ಗೂಡಿನದ್ದೇ ಒಂದಿಷ್ಟು ಒದ್ದೆ ಮರಳು. ಉರುಳಿಸಬಾರದು, ಕುಲುಕಬಾರದು. ಮೊಟ್ಟೆಯಿಟ್ಟು ಕೆಲವು ಗಂಟೆ ಕಳೆದರೆ ಒಳಗಿನ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆ ತಿರುಗಿಸಿದರೆ ಮರಿ ಉಳಿಯುವುದಿಲ್ಲ. ಆ ಚೀಲ ಹಿಡಿದುಕೊಂಡು ನಡೆಯುವ ಸರದಿ ನನಗೆ ಮೊದಲ ಸಲ ಬಂದಾಗ, ಜೀವನದಲ್ಲಿ ಅಷ್ಟು ಹುಷಾರಾಗಿ ನಾನು ಹೆಜ್ಜೆ ಇಟ್ಟಿರಲಿಲ್ಲ.

ಬೆಸೆಂಟ್ ನಗರದ ತೀರದಲ್ಲಿ ಬೇಲಿ ಹಾಕಿದ ಹ್ಯಾಚರಿ ಇದೆ. ಆಮೆ ತೋಡುವಷ್ಟೇ ಆಳ, ಸುಮಾರು ಒಂದೂವರೆ ಅಡಿ, ಅದೇ ಆಕಾರದ ಗುಂಡಿ ತೋಡಿ ಮೊಟ್ಟೆಗಳನ್ನು ಹೂಳುತ್ತಾರೆ. ಮೇಲೆ ದಿನಾಂಕ, ಎಷ್ಟು ಮೊಟ್ಟೆ ಅಂತ ಬರೆದಿಡುತ್ತಾರೆ. ಮರಿ ಬರಲು ಸುಮಾರು 45 ದಿನ ಬೇಕು. ಹತ್ತಿರ ಬಂದಾಗ ಗೂಡಿನ ಮೇಲೆ ಬುಟ್ಟಿ ಬೋರಲು ಹಾಕಿರುತ್ತಾರೆ. ಮರಳಿನ ಬಿಸಿ ಜಾಸ್ತಿಯಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಇದು ನನಗೆ ಅಲ್ಲಿಗೆ ಹೋದ ಮೇಲೇ ಗೊತ್ತಾಗಿದ್ದು.

ಸಾಕ್ಷಾತ್ ಆಮೆಯನ್ನೇ ನೋಡುವ ಭಾಗ್ಯ ಪ್ರತಿ ರಾತ್ರಿ ಸಿಗುವುದಿಲ್ಲ. ನನಗೆ ಸಿಕ್ಕಿದೆ. ಹಿಂಗಾಲಿನಿಂದ ಒಂದೊಂದೇ ಹಿಡಿ ಮರಳು ಎತ್ತಿ ಪಕ್ಕಕ್ಕೆ ಹಾಕುತ್ತಿತ್ತು. ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಗುಂಡಿ ಅದಕ್ಕೆ ಕಾಣುವುದೇ ಇಲ್ಲ, ಹಿಂದೆ ಇರುತ್ತದೆ. ಆದರೂ ಅಳತೆ ತಪ್ಪುವುದಿಲ್ಲ. ಮೊಟ್ಟೆಯಿಟ್ಟು ಮರಳು ಮುಚ್ಚಿದ ಮೇಲೆ ಮೈಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಧಪ್ ಧಪ್ ಅಂತ ನೆಲ ಬಡಿಯಿತು, ಗೂಡು ಬಿಗಿಯಾಗಲಿ ಅಂತ. ನಾವು ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ನೀರಿಗೆ ಇಳಿಯುವಾಗ ಅದು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ನನ್ನ ಪಕ್ಕದಲ್ಲಿದ್ದ ಹಿರಿಯರು, ಬ್ಯಾಂಕಿನಿಂದ ನಿವೃತ್ತರಾದವರು, ಕಣ್ಣೊರೆಸಿಕೊಂಡರು. ನನಗೂ ತಡೆಯಲಾಗಲಿಲ್ಲ.

ದುಃಖದ ವಿಷಯವನ್ನೂ ಹೇಳಬೇಕು. 2025ರ ಜನವರಿಯಲ್ಲಿ ಚೆನ್ನೈ ಸುತ್ತಮುತ್ತಲ ತೀರಕ್ಕೆ ನೂರಾರು ಸತ್ತ ಆಮೆಗಳು ತೇಲಿ ಬಂದವು. ಆಮೆ ಮೀನಲ್ಲ, ಉಸಿರಾಡಲು ಮೇಲೆ ಬರಲೇಬೇಕು. ಟ್ರಾಲರ್ ದೋಣಿಯ ಬಲೆಯಲ್ಲಿ ಸಿಕ್ಕಿಕೊಂಡರೆ ಮೇಲೆ ಬರಲಾಗದೆ ಸಾಯುತ್ತದೆ. ಆಮೆ ಹೊರಗೆ ಜಾರಿ ಹೋಗುವ ಹಾಗೆ ಬಲೆಗೆ ಜೋಡಿಸುವ ಸಾಧನ ಇದೆ. ದಡದ ಹತ್ತಿರ ಟ್ರಾಲರ್ ಬರಬಾರದು ಅನ್ನುವ ನಿಯಮವೂ ಇದೆ. ಇವು ಕಡ್ಡಾಯವಾಗಿ ಜಾರಿಯಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾವು ಮೊಟ್ಟೆ ಕಾಯುವುದು, ತಾಯಿ ಬಲೆಯಲ್ಲಿ ಸಾಯುವುದು, ಹೀಗಾದರೆ ಹೇಗೆ?

ಇನ್ನು ತಿಂಡಿ.

ರಾತ್ರಿಯಿಡೀ ಮರಳಿನಲ್ಲಿ ನಡೆದವರ ಹಸಿವು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಸೆಂಟ್ ನಗರದಲ್ಲಿ ಚಹಾ ಕುಡಿದು, ಬೆಳಕು ಹರಿಯುವವರೆಗೆ ಹರಟೆ ಹೊಡೆದು, ನಾವು ನಾಲ್ಕೈದು ಜನ ಮೈಲಾಪುರಕ್ಕೆ ಹೊರಡುತ್ತೇವೆ. ಅರುಂಡೇಲ್ ಬೀದಿಯ ಸಂದಿಯಲ್ಲಿ ರಾಯರ್ ಮೆಸ್ ಇದೆ. ಪುಟ್ಟ ಜಾಗ. ಒಳಗೆ ಕೂತವರು ಏಳುವವರೆಗೆ ಹೊರಗೆ ನಿಂತು ಕಾಯಬೇಕು. ಇಡ್ಲಿ, ಪೊಂಗಲ್, ವಡೆ, ಗಟ್ಟಿ ಚಟ್ನಿ, ಕಾಫಿ. ಹಸಿರು ಮೆಣಸಿನಕಾಯಿಯ ಖಾರ ಇರುವ ಆ ಗಟ್ಟಿ ಚಟ್ನಿಯನ್ನು ಬಿಸಿ ಪೊಂಗಲ್‌ಗೆ ಅದ್ದಿ ತಿಂದರೆ ನಿದ್ದೆಗೆಟ್ಟ ಆಯಾಸ ಅಲ್ಲೇ ಇಳಿಯುತ್ತದೆ. ತುಪ್ಪದಲ್ಲಿ ಹುರಿದ ಕಾಳುಮೆಣಸು ಮಧ್ಯೆ ಮಧ್ಯೆ ಹಲ್ಲಿಗೆ ಸಿಗುತ್ತಿರಬೇಕು. ತಡವಾಗಿ ಹೋದರೆ ಒಂದೊಂದೇ ತಿಂಡಿ ಖಾಲಿಯಾಗಿರುತ್ತದೆ, ಅದಕ್ಕೆ ನಾವು ತಡ ಮಾಡುವುದಿಲ್ಲ.

ಹೊಸ ಊರಿನಲ್ಲಿ ಒಳ್ಳೆ ಹೋಟೆಲ್ ಹುಡುಕಲು ಮೊಬೈಲ್ ನೋಡುವವರೇ ಜಾಸ್ತಿ. ತಪ್ಪೇನಿಲ್ಲ. ಆದರೆ ಜೊತೆಯಲ್ಲಿ ಕೆಲಸ ಮಾಡಿದವರು "ಬಾ, ನಮ್ಮ ಏರಿಯಾದಲ್ಲಿ ಒಂದು ಕಡೆ ಕರೆದುಕೊಂಡು ಹೋಗ್ತೀನಿ" ಅಂದಾಗ ಸಿಗುವ ಊಟವೇ ಬೇರೆ. ಅವರು ಚಿಕ್ಕಂದಿನಿಂದ ತಿಂದ ಜಾಗ ಅದು. ಅದರ ಕಥೆಯೂ ಅವರ ಬಾಯಲ್ಲೇ ಇರುತ್ತದೆ. ಬ್ಯಾಂಕಿನ ಹಿರಿಯರು ಟ್ರಿಪ್ಲಿಕೇನಿನವರು. ಅವರು ಕರೆದುಕೊಂಡು ಹೋಗಿದ್ದು ರತ್ನಾ ಕೆಫೆಗೆ. 1948ರಲ್ಲಿ ಶುರುವಾದ ಹೋಟೆಲು, ಕಟ್ಟಿದ್ದು ಉತ್ತರ ಭಾರತದಿಂದ ಬಂದ ಕುಟುಂಬ. ಅಲ್ಲಿ ಇಡ್ಲಿ ಮುಳುಗುವಷ್ಟು ಸಾಂಬಾರು ಸುರಿಯುತ್ತಾರೆ. ಜಗ್ ಹಿಡಿದು ಓಡಾಡುತ್ತಿರುತ್ತಾರೆ, ಕೇಳಿದಷ್ಟು ಸಲ ಮತ್ತೆ ಹಾಕುತ್ತಾರೆ. ಸಾಂಬಾರು ತುಂಬಾ ಗಟ್ಟಿಯೂ ಅಲ್ಲ, ನೀರೂ ಅಲ್ಲ. ಇಡ್ಲಿ ಅದನ್ನು ಹೀರಿಕೊಂಡ ಮೇಲೆ ಚಮಚದಲ್ಲೇ ತಿನ್ನಬೇಕು.

ಇನ್ನೊಬ್ಬಳು ಸ್ನೇಹಿತೆಯ ಅಜ್ಜ ಅಜ್ಜಿ ಬರ್ಮಾದಿಂದ ಬಂದವರು. 1962ರಲ್ಲಿ ಅಲ್ಲಿ ಸೈನ್ಯದ ಆಡಳಿತ ಬಂತು. ಅಂಗಡಿ, ವ್ಯಾಪಾರಗಳನ್ನು ಸರ್ಕಾರ ವಶಪಡಿಸಿಕೊಂಡಿತು. ತಲೆಮಾರುಗಳಿಂದ ಅಲ್ಲಿದ್ದ ತಮಿಳರು ಎಲ್ಲ ಬಿಟ್ಟು ಹಡಗು ಹತ್ತಿ ಮದ್ರಾಸಿಗೆ ಬಂದರು. ಕೈಯಲ್ಲಿ ಏನೂ ಇಲ್ಲದಿದ್ದವರು ನಾಲಗೆಯ ಮೇಲಿದ್ದ ಅಡುಗೆಯನ್ನೇ ಬೀದಿಯಲ್ಲಿ ಮಾರಿದರು. ಚೆನ್ನೈನ ಪ್ಯಾರೀಸ್ ಕಾರ್ನರ್ ಹತ್ತಿರ, ಬೀಚ್ ರೈಲು ನಿಲ್ದಾಣದ ಎದುರಿನ ಬೀದಿಯಲ್ಲಿ ಇವತ್ತಿಗೂ ಆ ಗಾಡಿಗಳಿವೆ. ಅಲ್ಲಿ ಸಿಗುವುದು ಅತ್ತೊ. ಕೇಸರಿ ಬಣ್ಣದ ನೂಡಲ್ಸ್‌ಗೆ ಹಸಿ ಎಲೆಕೋಸು, ಕರಿದ ಈರುಳ್ಳಿ, ಬೆಳ್ಳುಳ್ಳಿ ಎಣ್ಣೆ, ಹುಣಸೆ ನೀರು, ಖಾರದ ಪುಡಿ ಹಾಕಿ, ಬೇಜೊ ಅನ್ನುವ ಕರಿದ ಗರಿಗರಿ ತಿಂಡಿಯನ್ನು ಪುಡಿ ಮಾಡಿ ಉದುರಿಸಿ ಕೈಯಲ್ಲೇ ಕಲಸುತ್ತಾರೆ. ಜೊತೆಗೆ ಬಾಳೆದಿಂಡಿನ ಬಿಸಿ ಸೂಪು. ಬೇಯಿಸಿದ ಮೊಟ್ಟೆಯನ್ನು ಸೀಳಿ ಒಳಗೆ ಕರಿದ ಈರುಳ್ಳಿ ತುಂಬಿ ಕೊಡುತ್ತಾರೆ, ಅದನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಬೇಕು. ಸ್ನೇಹಿತೆ ತಿನ್ನುತ್ತಾ ಅಜ್ಜಿಯ ರಂಗೂನಿನ ಮನೆಯ ಬಗ್ಗೆ ಹೇಳುತ್ತಿದ್ದಳು. ಅವಳು ರಂಗೂನನ್ನು ನೋಡಿಲ್ಲ. ಆದರೆ ಈ ಗಾಡಿಯ ಮುಂದೆ ನಿಂತರೆ ಮನೆಗೆ ಬಂದ ಹಾಗಾಗುತ್ತದೆ ಅಂದಳು.

ನಮ್ಮವರ ಹೆಜ್ಜೆ ಗುರುತೂ ಆ ಊರಿನಲ್ಲಿ ಗಟ್ಟಿಯಾಗಿಯೇ ಇದೆ. ಉಡುಪಿ ಕಡೆಯಿಂದ ಬಂದು, ಅಡುಗೆಮನೆಯ ಕೆಲಸದಿಂದ ಶುರುಮಾಡಿ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಕಟ್ಟಿದ ಕೆ. ಕೃಷ್ಣರಾಯರ ಹೆಸರು ಹಳೆಯ ಚೆನ್ನೈನವರಿಗೆ ಚೆನ್ನಾಗಿ ಗೊತ್ತು. ಮರಗಳ ನೆರಳಿನಲ್ಲಿ ಕಾರಿನಲ್ಲೇ ಕೂತು ದೋಸೆ ತಿನ್ನುವ ಡ್ರೈವ್ ಇನ್ 1962ರಲ್ಲಿ ತೆರೆದು 2008ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಅನ್ನುವ ಉದ್ಯಾನ ಇದೆ. ನ್ಯೂ ವುಡ್‌ಲ್ಯಾಂಡ್ಸ್ ಮಾತ್ರ ರಾಧಾಕೃಷ್ಣನ್ ಸಾಲೈನಲ್ಲಿ ಇನ್ನೂ ನಡೆಯುತ್ತಿದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಆಮೆ ಸೀಸನ್ ಮುಗಿದ ಮೇಲೆ ಏನು ಅಂತ ನೀವು ಕೇಳಬಹುದು. ಆಗ ಪರೀಕ್ಷೆ ಬರೆಯುವ ಕೆಲಸ. ಕಣ್ಣು ಕಾಣದ ವಿದ್ಯಾರ್ಥಿ ಉತ್ತರ ಹೇಳುತ್ತಾನೆ, ನಾವು ಬರೆಯುತ್ತೇವೆ. ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ಹೆಚ್ಚು ಕೊಡುತ್ತಾರೆ. ಅವನು ಹೇಳಿದ್ದನ್ನಷ್ಟೇ ಬರೆಯಬೇಕು, ಒಂದಕ್ಷರ ಸೇರಿಸಬಾರದು, ತಿದ್ದಬಾರದು. ಕೈ ನೋಯುತ್ತದೆ, ಮನಸ್ಸು ಹಗುರಾಗುತ್ತದೆ. ನಾನು ಬರೆದುಕೊಟ್ಟ ಒಬ್ಬ ಹುಡುಗ ಪರೀಕ್ಷೆ ಮುಗಿದ ಸಂಜೆ ಮರೀನಾಕ್ಕೆ ಕರೆದುಕೊಂಡು ಹೋಗಿ, ದುಡ್ಡು ಕೊಡಲು ಬಿಡದೆ, ಸುಂಡಲ್ ಕೊಡಿಸಿದ. ಬೆಂದ ಬಟಾಣಿ, ತೆಂಗಿನಕಾಯಿ, ಮಾವಿನಕಾಯಿ ಚೂರು, ಕಾಗದದ ಪೊಟ್ಟಣದಲ್ಲಿ. ಯಾವ ಗಾಡಿಯಲ್ಲಿ ಮಾವಿನಕಾಯಿ ಜಾಸ್ತಿ ಹಾಕುತ್ತಾರೆ ಅಂತ ಅವನಿಗೆ ಗೊತ್ತಿತ್ತು. ಮಾರುವವರ ದನಿ ಕೇಳಿಯೇ ನನ್ನನ್ನು ಸೀದಾ ಅಲ್ಲಿಗೆ ಕರೆದುಕೊಂಡು ಹೋದ.

ಇದೆಲ್ಲ ಕೇಳಿ ನಿಮಗೂ ಆಸೆಯಾದರೆ ಚೆನ್ನೈಗೇ ಹೋಗಬೇಕಾಗಿಲ್ಲ. ಆಲಿವ್ ರಿಡ್ಲೆ ನಮ್ಮ ಕರಾವಳಿಗೂ ಬರುತ್ತದೆ. ಕಾರವಾರ, ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ತೀರಗಳಲ್ಲಿ ಅದು ಮೊಟ್ಟೆಯಿಟ್ಟಿದೆ. ಅಲ್ಲಿ ಮೀನುಗಾರರೂ ಅರಣ್ಯ ಇಲಾಖೆಯವರೂ ಸೇರಿ ಗೂಡು ಕಾಯುತ್ತಾರೆ. ಅಲ್ಲಿನ ಅರಣ್ಯ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿಕೊಂಡು ಹೋಗಿ. ಒಂದು ನೀರಿನ ಬಾಟಲಿ, ಗಾಢ ಬಣ್ಣದ ಬಟ್ಟೆ ಸಾಕು. ಫೋಟೊಗೆ ಫ್ಲ್ಯಾಶ್ ಹಾಕಬೇಡಿ, ಗೂಡು ಕಂಡರೆ ನೀವಾಗಿ ಅಗೆಯಬೇಡಿ, ತಿಳಿದವರನ್ನು ಕರೆಯಿರಿ. ಬೆಳಿಗ್ಗೆ ಎಲ್ಲಿ ತಿಂಡಿ ತಿನ್ನುವುದು ಅಂತ ನಿಮ್ಮ ಜೊತೆ ನಡೆದವರನ್ನೇ ಕೇಳಿ.

ನಮಸ್ಕಾರ.