ಗಿಡಕ್ಕೆ ನೀರು ಬೆಳಗ್ಗೆನಾ ಸಂಜೆನಾ? ಚಿಕ್ಕಮಗಳೂರು ಮನೆ ಗಾರ್ಡನ್ ವ್ಲಾಗ್

ನಮಸ್ಕಾರ ಎಲ್ರಿಗೂ, ಹಿಂದ್ಗಡೆ ಬೆಳ್ಳಗೆ ಕಾಣ್ತಿರೋದು ಮಂಜು, ಕ್ಯಾಮೆರಾ ಫೋಕಸ್ ಹೋಗಿದೆ ಅನ್ಕೋಬೇಡಿ. ಟೈಮ್ ಆರೂಮುಕ್ಕಾಲು. ಗಿಡಕ್ಕೆ ನೀರು ಬೆಳಗ್ಗೆ ಹಾಕ್ಬೇಕಾ ಸಂಜೆ ಹಾಕ್ಬೇಕಾ ಅಂತ ತುಂಬಾ ಜನ ಕೇಳ್ತಿರ್ತೀರಾ, ನನ್ ಓಟು ಬೆಳಗ್ಗೆಗೇ. ಬಯಲುಸೀಮೆಯವ್ರಿಗೆ ಬಿಸಿಲಿನ ಚಿಂತೆ, ನಮ್ಗೆ ಚಿಕ್ಕಮಗಳೂರಲ್ಲಿ ರಾತ್ರಿ ಥಂಡಿದೇ ಚಿಂತೆ.

ಇಲ್ನೋಡಿ ಈ ಗುಲಾಬಿ ಎಲೆ. ಕಪ್ಪು ಚುಕ್ಕಿ, ಸುತ್ತ ಹಳದಿ, ಇನ್ನೊಂದ್ ಸ್ವಲ್ಪ ದಿನಕ್ಕೆ ಉದ್ರೋಗತ್ತೆ. ಬ್ಲ್ಯಾಕ್ ಸ್ಪಾಟ್ ಅಂತಾರೆ, ಫಂಗಸ್. ಇದ್ರ ಬೀಜಾಣು ಎಲೆ ಮೇಲೆ ಬಿದ್ ತಕ್ಷಣ ಏನೂ ಆಗಲ್ಲ, ಎಲೆ ಒಂದೇ ಸಮ ಸುಮಾರು 7 ಗಂಟೆ ಒದ್ದೆ ಇದ್ರೆ ಒಳಗೆ ನುಗ್ಗತ್ತೆ. ಈಗ ನೀವೇ ಲೆಕ್ಕ ಹಾಕಿ, ಸಂಜೆ ಆರಕ್ಕೆ ಪೈಪ್ ಹಿಡ್ಕೊಂಡು ಗಿಡಕ್ಕೆ ತಲೆಸ್ನಾನ ಮಾಡ್ಸಿದ್ರೆ, ನಮ್ಮೂರು ಇರೋದೇ ಸುಮಾರು 3,500 ಅಡಿ ಎತ್ತರದಲ್ಲಿ, ಕತ್ತಲಾದ್ಮೇಲೆ ಚಳಿ, ಅದ್ರ ಮೇಲೆ ಇಬ್ಬನಿ ಬೇರೆ, ಎಲೆ ಒಣಗೋದು ಮಾರನೇ ದಿನ ಬಿಸಿಲು ಬಿದ್ಮೇಲೇ. ಅದೇ ಬೆಳಗ್ಗೆ ಆದ್ರೆ ಇಬ್ಬನಿಗೆ ಎಲೆ ಹೇಗೂ ಒದ್ದೆ ಇರತ್ತೆ, ನಮ್ ನೀರೂ ಅದೂ ಒಟ್ಟಿಗೇ ಒಣ್ಗತ್ತೆ, ಬೇರಿಗೂ ಹಗಲಿಗೆ ಬೇಕಾದ ನೀರು ಮುಂಚೇನೇ ಸಿಕ್ಕಿರತ್ತೆ.

ನಮ್ಮತ್ತೆ ಮಾತ್ರ ಸಂಜೆ ಪಾರ್ಟಿ. ದೇವ್ರಿಗೆ ದೀಪ ಹಚ್ಚೋ ಮುಂಚೆ ಚೊಂಬು ಹಿಡ್ಕೊಂಡು ಹೊರಡ್ತಾರೆ. ಬೆಳಗ್ಗೆ ಹಾಕಿ ಅತ್ತೆ ಅಂದ್ರೆ "ನೀನ್ ಎದ್ದೇಳೋ ಹೊತ್ತಿಗೆ ಬಿಸ್ಲು ಬಂದಿರತ್ತಲ್ಲಮ್ಮ" ಅಂತಾರೆ, ಏನ್ ಹೇಳೋದು. ಆದ್ರೆ ಅವ್ರು ಹಾಕೋದು ಬುಡಕ್ಕೆ, ಎಲೆಗೆ ಒಂದ್ ಹನಿ ತಾಗ್ಸಲ್ಲ, ಅದಕ್ಕೇ ಅವ್ರ ಡೇರೆ ಹೂವು, ಅದೇ ಡೇಲಿಯಾ, ನೋಡಿ ಹೇಗಿದೆ. ಹಾಗಾಗಿ ಆಫೀಸು ಸ್ಕೂಲು ಟಿಫನ್ನು ಅಂತ ಬೆಳಗ್ಗೆ ಆಗದೇ ಇರೋರು ಸಂಜೆ ನಾಲ್ಕೂವರೆ ಐದಕ್ಕೇ ಬುಡಕ್ಕೆ ಮಾತ್ರ ಹಾಕಿ, ಏನೂ ತೊಂದ್ರೆ ಇಲ್ಲ. ಮೇಲೆ ದರಗು, ಅಂದ್ರೆ ಒಣಗಿದ ಎಲೆ, ಹರಡಿ, ಮಣ್ಣು ಬೇಗ ಒಣಗಲ್ಲ.

ಮಧ್ಯಾಹ್ನ ಹಾಕಿದ್ರೆ ನೀರಿನ ಹನಿ ಲೆನ್ಸ್ ಆಗಿ ಎಲೆ ಸುಡತ್ತೆ ಅಂತಾರಲ್ಲ, ಅದನ್ನ ಹಂಗೇರಿ ವಿಜ್ಞಾನಿಗಳು ಪರೀಕ್ಷೆನೇ ಮಾಡಿ 2010ರಲ್ಲಿ ಪ್ರಕಟಿಸಿದ್ರು. ನುಣುಪು ಎಲೆ ಹಾಗೆಲ್ಲಾ ಸುಡಲ್ವಂತೆ, ರೋಮ ಇರೋ ಕೆಲವು ಎಲೆಗಳಲ್ಲಿ ಹನಿ ಮೇಲ್ಗಡೆನೇ ನಿಂತ್ಕೊಂಡ್ರೆ ಸುಡಬಹುದಂತೆ. ನಂಗೆ ಅದಕ್ಕಿಂತ ಭಯ ಬಿಸಿಲಲ್ಲಿ ಬಿದ್ದಿರೋ ಪೈಪು, ಮೊದ್ಲು ಬರೋ ನೀರು ಮುಟ್ಟಿ ನೋಡಿ, ಕೈ ಚುರ್ರನ್ನತ್ತೆ. ಇನ್ನೊಂದು, ಹೈಡ್ರೇಂಜಿಯ ಮಧ್ಯಾಹ್ನ ಸೊರಗಿ ಜೋತು ಬಿತ್ತು ಅಂತ ಓಡೋಗಿ ಬಕೆಟ್ ಸುರಿಬೇಡಿ. ಬೇರು ಎಳ್ಕೊಳೋದಕ್ಕಿಂತ ಜಾಸ್ತಿ ನೀರು ಎಲೆಯಿಂದ ಹೋಗ್ತಿರತ್ತೆ ಅಷ್ಟೇ, ಸಂಜೆಗೆ ತಾನೇ ಎದ್ದು ನಿಲ್ಲತ್ತೆ. ಬೆರಳು ಮಣ್ಣೊಳಗೆ ಹಾಕಿ, ಕೆಳಗೂ ಒಣಗಿದ್ರೆ ಮಾತ್ರ ಆಗ್ಲೇ ಹಾಕಿ, ಟೈಮ್ ನೋಡ್ಬೇಡಿ.

ಮತ್ತೆ ಕಾಫಿ ತೋಟದಲ್ಲಿ ಫೆಬ್ರವರಿ ಮಾರ್ಚಲ್ಲಿ ರಾತ್ರಿಯೆಲ್ಲಾ ಸ್ಪ್ರಿಂಕ್ಲರ್ ಓಡತ್ತಲ್ಲ ಅಂತೀರಾ? ಅದು ಬೇರೆ ಲೆಕ್ಕ ಕಣ್ರೀ. ಹೂ ಮಳೆ, ಅಂದ್ರೆ ಕಾಫಿ ಮೊಗ್ಗು ಅರಳ್ಸೋ ಮಳೆ, ಬರೋದನ್ನ ಕಾಯೋಕಾಗದೆ ರೋಬಸ್ಟಾ ತಳಿ ಕಾಫಿ ಗಿಡದ ಮೊಗ್ಗು ಅರಳ್ಸೋಕೆ ಚೆನ್ನಾಗಿ ನೆನೆಸ್ತಾರೆ, ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ. ಆ ಹೂ ಅರಳಿದ ದಿನ ಸ್ಪ್ರಿಂಕ್ಲರ್ ಹಾಕಿ ಅಂದ್ರೆ ಯಾವ ಪ್ಲಾಂಟರೂ ಹಾಕಲ್ಲ, ಕಾಯಿ ಕಟ್ಟೋದೇ ಕೆಡತ್ತೆ.

ಕೊನೇದಾಗಿ ಜೂನ್ ಜುಲೈದು. ಹೊರಗಡೆ ಮಳೆ ಧೋ ಅಂತ ಸುರೀತಿದ್ರೂ ಜಗಲಿ ಮೇಲೆ, ಸಜ್ಜೆ ಕೆಳಗೆ ಇಟ್ಟಿರೋ ಪಾಟ್‌ಗಳಿಗೆ ಒಂದ್ ತೊಟ್ಟೂ ಬೀಳ್ತಿರಲ್ಲ. ಆಂಥೂರಿಯಂ ಸೊರಗೋದು ಹೀಗೇ. ಛತ್ರಿ ಹಿಡ್ಕೊಂಡು ಗಿಡಕ್ಕೆ ನೀರು ಹಾಕ್ತಿದ್ರೆ ಪಕ್ಕದ್ಮನೆಯವ್ರು ನಗ್ತಾರೆ, ನಗ್ಲಿ ಬಿಡಿ.