ಹನ್ನೊಂದು ತಿಂಗಳಿಗೆ ಯಾಕೋ ಅದು?

ಈಗ ನಿಮಗೆ ಕಾಣಿಸುತ್ತಿರುವುದು ನಮ್ಮ ಬರ್ಲಿನ್ ಮನೆಯ ಅಡುಗೆಮನೆ ಗಡಿಯಾರ. ಸರಿಯಾದ ಸಮಯವನ್ನೇ ತೋರಿಸುತ್ತಿದೆ. ಇದರಲ್ಲೇನು ವಿಶೇಷ ಅಂತೀರಾ? ಕಳೆದ ಚಳಿಗಾಲ ಪೂರ್ತಿ ಇದು ಒಂದು ಗಂಟೆ ಮುಂದೆ ಓಡಿತ್ತು.

ನಾವು ಬಂದಿಳಿದದ್ದು ಅಕ್ಟೋಬರ್ ಕೊನೆಯ ಶನಿವಾರ ರಾತ್ರಿ. ಅದೇ ರಾತ್ರಿ ಇಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಮಾರ್ಚ್‌ನಲ್ಲಿ ಮತ್ತೆ ಮುಂದಕ್ಕೆ. ಫೋನ್ ತಾನೇ ಬದಲಾಯಿತು. ಗೋಡೆ ಗಡಿಯಾರ ಬದಲಾಗಲಿಲ್ಲ. ಅದಿರುವುದು ಬಾಗಿಲಿಗಿಂತ ಮೇಲೆ, ನಮ್ಮಿಬ್ಬರಿಗೂ ಕೈ ಎಟುಕುವುದಿಲ್ಲ. ಒಂದು ಸ್ಟೂಲ್ ಕೊಳ್ಳೋಣ ಅಂದೆ. ಇವಳು, "ಹನ್ನೊಂದು ತಿಂಗಳಿಗೆ ಯಾಕೋ ಅದು? ಮಾರ್ಚ್ ಕೊನೆಯ ಭಾನುವಾರ ತಾನಾಗೇ ಸರಿಹೋಗುತ್ತೆ ಬಿಡು" ಅಂದಳು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಇಡೀ ವರ್ಷ ನಮ್ಮ ಮನೆಯಲ್ಲಿ ಜಗಳ ನಡೆದದ್ದು ಇದೊಂದೇ ಮಾತಿನ ಮೇಲೆ.

ಇವಳಿಗೆ ಇಲ್ಲಿ ಹನ್ನೊಂದು ತಿಂಗಳ ಪ್ರಾಜೆಕ್ಟ್. ನಾನು ಕೆಲಸ ಬಿಟ್ಟು ಜೊತೆಗೆ ಬಂದವನು. ಬಾಡಿಗೆ ಮನೆಯಲ್ಲಿ ಮಂಚ, ಮೇಜು, ನಾಲ್ಕು ತಟ್ಟೆ ಎಲ್ಲ ಇತ್ತು. ಇಲ್ಲದೇ ಇದ್ದದ್ದು ಉಪ್ಪು. ಮಾರನೇ ದಿನ ಉಪ್ಪು ತರಲು ಹೊರಟೆವು. ಭಾನುವಾರ. ಒಂದು ಅಂಗಡಿಯೂ ತೆರೆದಿಲ್ಲ! ಇಲ್ಲಿ ಭಾನುವಾರ ಅಂಗಡಿ ಮುಚ್ಚುವುದು ಕಾನೂನು. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅದು ಗೊತ್ತಾದದ್ದು ಉಪ್ಪಿಲ್ಲದ ಊಟ ಮುಗಿಸಿದ ಮೇಲೆ.

ಈಗ ಕೆಳಗೆ ಬನ್ನಿ. ಇದು ಟಪಾಲು ಪೆಟ್ಟಿಗೆಗಳ ಸಾಲು. ಜರ್ಮನಿಯ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ರಸ್ತೆ, ಕಟ್ಟಡದ ಸಂಖ್ಯೆ, ಅಷ್ಟೇ. ಪೆಟ್ಟಿಗೆ ಮೇಲೆ ನಿಮ್ಮ ಹೆಸರಿದ್ದರೆ ಕಾಗದ ಬರುತ್ತದೆ, ಇಲ್ಲದಿದ್ದರೆ ವಾಪಸ್. ನಮ್ಮ ಪೆಟ್ಟಿಗೆ ಮೇಲೆ ಹಳೆಯ ಬಾಡಿಗೆದಾರರ ಹೆಸರಿತ್ತು. ಇರಲಿ ಬಿಡು, ನಾವೇನು ಇಲ್ಲೇ ಇರುವವರಾ ಅಂತ ಸುಮ್ನಿದ್ದೆವು. ಇವಳ ಬ್ಯಾಂಕ್ ಕಾರ್ಡ್ ಬಂದ ದಾರಿಯಲ್ಲೇ ಹೋಯಿತು. ತಪ್ಪು ನಮ್ಮದೇ. ಅವತ್ತೇ ಬಿಳಿ ಟೇಪಿನ ಮೇಲೆ ಇಬ್ಬರ ಹೆಸರೂ ಬರೆದು ಅಂಟಿಸಿದೆ. ಮಳೆಗೆ ಶಾಯಿ ಸ್ವಲ್ಪ ಹರಡಿದೆ, ಅದಕ್ಕೇ ಕ್ಯಾಮೆರಾ ಹತ್ತಿರ ಹೋಗಲ್ಲ.

ಹೊಸದಾಗಿ ಬರುವವರಿಗೆ ಇನ್ನೊಂದು ಮಾತು. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಅನ್ನುತ್ತಾರೆ. ಇವರು ನಮ್ಮ ಮನೆಯಲ್ಲಿದ್ದಾರೆ ಅಂತ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ನಗರದ ಯಾವ ಭಾಗದ ಕಚೇರಿಗೆ ಬೇಕಾದರೂ ಹೋಗಬಹುದು, ಹಾಗಾಗಿ ನಿಮ್ಮ ಬಡಾವಣೆಯಲ್ಲೇ ದಿನ ಸಿಗಲಿ ಅಂತ ಕಾಯುತ್ತಾ ಕೂರಬೇಡಿ. ತೆರಿಗೆ ಸಂಖ್ಯೆ ಬರುವುದೂ ಈ ನೋಂದಣಿ ಆದ ಮೇಲೆ, ಅದೂ ಟಪಾಲಿನಲ್ಲಿ. ಅಂದರೆ ಮತ್ತೆ ಆ ಬಿಳಿ ಟೇಪ್!

ಡಿಸೆಂಬರ್ ಬಗ್ಗೆ ಜಾಸ್ತಿ ಹೇಳಲು ನನಗೆ ಇಷ್ಟವಿಲ್ಲ. ಆದರೂ ಹೇಳಬೇಕು. ಆಗ ಇಲ್ಲಿ ಸಂಜೆ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಇವಳು ಹೊರಡುವಾಗಲೂ ಕತ್ತಲು, ಬರುವಾಗಲೂ ಕತ್ತಲು. ನಡುವಿನ ಬೆಳಕಿನಲ್ಲಿ ನಾನೊಬ್ಬನೇ. ಇವಳಿಗೆ ಇಡೀ ದಿನ ಮಾತಾಡಿ ಸಾಕಾಗಿರುತ್ತಿತ್ತು. ನಾನು ಬೆಳಗ್ಗೆಯಿಂದ ಒಂದು ಮಾತೂ ಆಡಿರುತ್ತಿರಲಿಲ್ಲ. ಬಾಗಿಲು ತೆರೆದ ತಕ್ಷಣ ಶುರು ಮಾಡುತ್ತಿದ್ದೆ. "ಹತ್ತು ನಿಮಿಷ ಸುಮ್ನಿರೋ, ಕೈಮುಗೀತೀನಿ" ಅನ್ನುತ್ತಿದ್ದಳು. ನನಗೆ ಸಿಟ್ಟು. ಹತ್ತು ನಿಮಿಷ ಅಂದರೆ ನಾನು ಎರಡು ದಿನ ಮಾತು ಬಿಡುತ್ತಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆ.

ಆಗ ನನ್ನನ್ನು ಉಳಿಸಿದ್ದು ಈ ರೈಲು. ರಿಂಗ್‌ಬಾನ್. ನಗರದ ಸುತ್ತ ಉಂಗುರದ ಹಾಗೆ ಓಡುತ್ತದೆ, 27 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಎಸ್41 ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಎಸ್42 ಅದಕ್ಕೆ ಎದುರು. ನಿಲ್ದಾಣಗಳಲ್ಲಿ ಗೇಟಿಲ್ಲ, ಟಿಕೆಟ್ ಕೇಳುವವರು ಎಂದೋ ಒಮ್ಮೆ ಬರುತ್ತಾರೆ. ಸಿಕ್ಕಿಬಿದ್ದರೆ 60 ಯೂರೋ ದಂಡ. ನನ್ನ ಹತ್ತಿರ ತಿಂಗಳ ಪಾಸ್ ಇತ್ತು. ಬೆಚ್ಚಗಿನ ಡಬ್ಬಿಯಲ್ಲಿ ಕೂತು ಸುತ್ತು ಹೊಡೆಯುತ್ತಿದ್ದೆ. ಎಲ್ಲಿಗೂ ಹೋಗದೆ ಎಲ್ಲೋ ಹೋಗಿ ಬಂದ ಹಾಗೆ ಅನ್ನಿಸುತ್ತಿತ್ತು. ಒಂದು ದಿನ ಇವಳೂ ರಜೆ ಹಾಕಿ ಬಂದಳು. ಅರ್ಧ ಸುತ್ತಿಗೇ ನನ್ನ ಭುಜದ ಮೇಲೆ ನಿದ್ದೆ. ಎಬ್ಬಿಸಲಿಲ್ಲ. ಎರಡು ಸುತ್ತು ಹಾಕಿದೆವು.

ಜನವರಿಯಲ್ಲಿ ಜರ್ಮನ್ ಕ್ಲಾಸಿಗೆ ಸೇರಿದೆ. ಮೊದಲ ವಾಕ್ಯ, 'ಇಷ್ ವೋನೆ ಇನ್ ಬರ್ಲಿನ್'. ನಾನು ಬರ್ಲಿನ್‌ನಲ್ಲಿ ವಾಸವಾಗಿದ್ದೇನೆ. ಬರೀ ಹನ್ನೊಂದು ತಿಂಗಳಿಗೆ ಅಂತ ಸೇರಿಸುವುದು ಹೇಗೆ ಅಂತ ಟೀಚರನ್ನು ಕೇಳಿದೆ. ಅದು ಮುಂದಿನ ಪಾಠ ಅಂದರು.

ಫೆಬ್ರವರಿ. ಈ ಕುರ್ಚಿ ನೋಡಿ. ಇಲ್ಲಿ ಜನ ತಮಗೆ ಬೇಡವಾದ ವಸ್ತುಗಳನ್ನು ರಟ್ಟಿನ ಡಬ್ಬದಲ್ಲಿ ಹಾಕಿ, ಮೇಲೆ 'ತ್ಸು ಫೆರ್‌ಶೆಂಕೆನ್' ಅಂತ ಬರೆದು ಮನೆ ಮುಂದೆ ಇಡುತ್ತಾರೆ. ಸುಮ್ನೆ ಕೊಡಲು ಇದೆ, ತೆಗೆದುಕೊಳ್ಳಿ ಅಂತ ಅರ್ಥ. ನಿಜ ಹೇಳಬೇಕೆಂದರೆ ಫುಟ್‌ಪಾತಿನಲ್ಲಿ ಹೀಗಿಡುವುದು ನಿಯಮದ ಪ್ರಕಾರ ತಪ್ಪು, ಆದರೂ ಎಲ್ಲರೂ ಇಡುತ್ತಾರೆ. ಅಂಥ ಒಂದು ಡಬ್ಬದ ಪಕ್ಕದಲ್ಲಿ ಸಿಕ್ಕಿದ್ದು ಈ ಹಸಿರು ಕುರ್ಚಿ. ಹೊತ್ತು ತಂದೆ. ಇವಳು ಬಾಗಿಲಲ್ಲೇ ನಿಂತು ಅದೇ ಮಾತು ಎತ್ತಿದಳು. ದುಡ್ಡು ಕೊಟ್ಟಿಲ್ಲ ಅಂದೆ. ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ.

ಗಡಿಯಾರ ಸರಿಮಾಡಿದೆನಾ? ಇಲ್ಲ. ಇನ್ನೊಂದು ತಿಂಗಳು ತಾನೇ ಅಂತ ಬಿಟ್ಟೆ. ಇವಳು ನಕ್ಕಿದ್ದು ನಕ್ಕಿದ್ದೇ.

ಆಮೇಲೆ ಮನೆ ತಾನಾಗಿ ತುಂಬಿತು. ಬಾಣಲೆ, ಎರಡು ಕಪ್, ತುಳಿದರೆ ಕಿರುಗುಟ್ಟುವ ಒಂದು ಸೈಕಲ್. ಅದರಲ್ಲಿ ಹೋದದ್ದೇ ಇಲ್ಲಿಗೆ, ಟೆಂಪೆಲ್‌ಹೋಫ್ ಮೈದಾನ. ಮುಂಚೆ ವಿಮಾನ ನಿಲ್ದಾಣ, 2008ರಲ್ಲಿ ಮುಚ್ಚಿತು, 2010ರಲ್ಲಿ ಪಾರ್ಕ್ ಆಯಿತು. ಅಂಚಿನಲ್ಲಿ ಮನೆ ಕಟ್ಟುವ ಯೋಜನೆ ಬಂದಾಗ ಬರ್ಲಿನ್ ಜನ 2014ರಲ್ಲಿ ಮತ ಹಾಕಿ ಬೇಡ ಅಂದರು. ಈ ರನ್‌ವೇ ಸುಮಾರು 2 ಕಿಲೋಮೀಟರ್ ಉದ್ದ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲು. ಇವಳಿಗೆ ನಾನು ಸೈಕಲ್ ಕಲಿಸಿದ್ದು ಇಲ್ಲೇ. ಎದುರಿಗೆ ಯಾರೂ ಇಲ್ಲದಿದ್ದರೂ ಬೆಲ್ ಹೊಡೆಯುತ್ತಿದ್ದಾಳೆ, ಕೇಳಿಸ್ತಾ?

ಈಗ ಸೆಪ್ಟೆಂಬರ್ ಕೊನೆ. ಸೂಟ್‌ಕೇಸ್ ಎರಡೇ. ದೇಶ ಬಿಡುವಾಗಲೂ ವಿಳಾಸ ರದ್ದು ಮಾಡಿಸಬೇಕು, ಆ ಫಾರಂ ತುಂಬಿ ಆಯಿತು. ಮೊನ್ನೆ ನಾವೂ ಒಂದು ಡಬ್ಬ ಮಾಡಿದೆವು. ಮೇಲೆ ಬರೆದದ್ದು ಇವಳು, ಕಾಗುಣಿತ ತಿದ್ದಿದ್ದು ನಾನು. ಬಾಣಲೆ ಅರ್ಧ ಗಂಟೆಯಲ್ಲಿ ಹೋಯಿತು. ಕಪ್‌ಗಳು ಸಂಜೆಗೆ. ಸೈಕಲ್ಲನ್ನು ಪಕ್ಕದ ಮನೆಯ ಹುಡುಗ ಕೇಳಿಕೊಂಡೇ ಒಯ್ದ.

ಕುರ್ಚಿ ಮಾತ್ರ ಮೂರು ದಿನವಾದರೂ ಅಲ್ಲೇ ಇತ್ತು. ನಿನ್ನೆ ಮಳೆ ಬಂತು. ಇವಳೇ ಕೆಳಗೆ ಹೋಗಿ, ಒರೆಸಿ, ಮೇಲಕ್ಕೆ ಹೊತ್ತು ತಂದಳು. ಏನೂ ಕೇಳಬೇಡ ಅಂದಳು, ಕೇಳಲಿಲ್ಲ. ಮಾಲೀಕರಿಗೆ ಫೋನ್ ಮಾಡಿ ಒಪ್ಪಿಸಿದೆವು. ಈಗ ಅದನ್ನು ಅಡುಗೆಮನೆಯಲ್ಲಿ, ಸರಿಯಾಗಿ ಗಡಿಯಾರದ ಕೆಳಗೆ ಇಟ್ಟಿದ್ದೇವೆ. ಮುಂದೆ ಬರುವವರಿಗೆ ಅಕ್ಟೋಬರ್ ಕೊನೆಯ ಭಾನುವಾರ ಬೇಕಾಗುತ್ತೆ.