ಒಂದೊತ್ತು ಉಂಡ ಇಲಿಗಳು

ನಮಸ್ಕಾರ.

ಒಂದೊತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ, ನಾಲ್ಕೊತ್ತು ಉಂಡವನ ಹೊತ್ಕೊಂಡ್ ಹೋಗಿ. ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ನಮ್ಮ ಅಮ್ಮ 72ನೇ ವಯಸ್ಸಿಗೆ ಇದೇ ಮಾತು ಹೇಳುತ್ತಾ ರಾತ್ರಿ ಊಟ ಬಿಟ್ಟರು. ಮೊದಲು ರಾತ್ರಿಯ ಮುದ್ದೆ ಹೋಯಿತು, ಆಮೇಲೆ ಅನ್ನ, ಕೊನೆಗೆ ಒಂದು ಲೋಟ ನೀರುಮಜ್ಜಿಗೆ, ಒಂದು ಬಾಳೆಹಣ್ಣು ಇದ್ದರೆ ಸಾಕು ಅನ್ನುವಲ್ಲಿಗೆ ಬಂತು. ನಾನು ತಡೆಯಲಿಲ್ಲ. ತಡೆಯದೇ ಇರುವುದಕ್ಕೆ ನನ್ನ ಹತ್ತಿರ ಕಾರಣವೂ ಇತ್ತು. ನಾನು ಪ್ರಾಣಿಶಾಸ್ತ್ರ ಪಾಠ ಮಾಡಿದವಳು; ಕಮ್ಮಿ ತಿಂದ ಪ್ರಾಣಿ ಜಾಸ್ತಿ ದಿನ ಬದುಕುತ್ತದೆ ಅಂತ ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟವಳು. ಆದರೆ ಅದು ಅರ್ಧ ಪಾಠ. ಉಳಿದರ್ಧ ನನಗೆ ಅರ್ಥವಾದದ್ದು ಅಮ್ಮ ನ್ಯುಮೋನಿಯಾ ಬಂದು ಆಸ್ಪತ್ರೆಯಲ್ಲಿ ಮಲಗಿದಾಗ.

ಮೊದಲು ಆ ಅರ್ಧ ಪಾಠವನ್ನೇ ಹೇಳಿಬಿಡುತ್ತೇನೆ.

1935. ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ಶುರು ಮಾಡಿದ ವರ್ಷ. ಅದೇ ವರ್ಷ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಲೈವ್ ಮೆಕೇ ಅನ್ನುವವರು, ಮೇರಿ ಕ್ರೋವೆಲ್ ಜೊತೆ ಸೇರಿ, ಬಿಳಿ ಇಲಿಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವು ಇಲಿಗಳಿಗೆ ಬೇಕಾದಷ್ಟು ಆಹಾರ. ಉಳಿದವಕ್ಕೆ ಬೆಳವಣಿಗೆಯೇ ತಡೆಯುವಷ್ಟು ಕಮ್ಮಿ ಆಹಾರ. ಬೇಕಾದಷ್ಟು ತಿಂದ ಗಂಡು ಇಲಿಗಳು ಸರಾಸರಿ 483 ದಿನ ಬದುಕಿದವು, ಕಮ್ಮಿ ತಿಂದ ಗಂಡು ಇಲಿಗಳು 800 ದಿನ ದಾಟಿದವು. ಹೆಣ್ಣು ಇಲಿಗಳಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಇದನ್ನು ಯಾಕೋ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇನ್ನೂ ಒಂದು ಸಂಗತಿ ಮರೆತೇ ಹೋಗುತ್ತದೆ: ಮೆಕೇ ಆ ಇಲಿಗಳಿಗೆ ಕಮ್ಮಿ ಮಾಡಿದ್ದು ಕ್ಯಾಲೊರಿಯನ್ನು ಮಾತ್ರ. ಪ್ರೋಟೀನು, ವಿಟಮಿನ್ನು, ಖನಿಜ ಎಲ್ಲವನ್ನೂ ಅಳೆದು ಸಾಕಾಗುವಷ್ಟು ಹಾಕಿದ್ದರು. ನೀರುಮಜ್ಜಿಗೆ, ಬಾಳೆಹಣ್ಣು ಕೊಟ್ಟು ಮಲಗಿಸಲಿಲ್ಲ.

ಇಲಿ ಬಿಡಿ, ಕೋತಿಗಳ ಕತೆ ಏನು? ಕೋತಿ ನಮಗೆ ಹತ್ತಿರದ ನೆಂಟ ಅಲ್ವಾ. ಉತ್ತರ ಭಾರತದ ಊರುಗಳಲ್ಲಿ ಕಾಣುವ ಕೆಂಪು ಮೋರೆಯ ರೀಸಸ್ ಕೋತಿಯನ್ನು ಅಮೆರಿಕದ ಪ್ರಯೋಗಾಲಯಗಳಿಗೆ ನಮ್ಮ ದೇಶದಿಂದ ರಾಶಿ ರಾಶಿಯಾಗಿ ಕಳಿಸುತ್ತಿದ್ದರು, 1978ರಲ್ಲಿ ಆ ರಫ್ತು ನಿಂತಿತು. ಆ ಜಾತಿಯ ಕೋತಿಗಳ ಮೇಲೆ 1980ರ ದಶಕದ ಕೊನೆಯಲ್ಲಿ ಅಲ್ಲಿ ಎರಡು ಕಡೆ ದೊಡ್ಡ ಪ್ರಯೋಗ ಶುರುವಾಯಿತು. ಒಂದು ವಿಸ್ಕಾನ್ಸಿನ್‌ನಲ್ಲಿ, ಇನ್ನೊಂದು ಅಲ್ಲಿನ ಸರ್ಕಾರದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್‌ನಲ್ಲಿ. ಎರಡೂ ಕಡೆ ಕೆಲವು ಕೋತಿಗಳಿಗೆ ಸುಮಾರು 30 ಶೇಕಡಾ ಊಟ ಕಡಿತ. ಇಪ್ಪತ್ತು ವರ್ಷ ಕಾದರು. 2009ರಲ್ಲಿ ವಿಸ್ಕಾನ್ಸಿನ್‌ನವರು ಲೆಕ್ಕ ಕೊಟ್ಟಾಗ, ಹೊಟ್ಟೆತುಂಬ ತಿಂದ ಕೋತಿಗಳಲ್ಲಿ ಅರ್ಧ ಉಳಿದಿದ್ದವು, ಕಮ್ಮಿ ತಿಂದವುಗಳಲ್ಲಿ 100ಕ್ಕೆ 80 ಉಳಿದಿದ್ದವು. ಎಲ್ಲರಿಗೂ ಖುಷಿ. ಆದರೆ 2012ರಲ್ಲಿ ಇನ್ನೊಂದು ತಂಡ ತನ್ನ ಲೆಕ್ಕ ಕೊಟ್ಟಿತು: ನಮ್ಮಲ್ಲಿ ಕಮ್ಮಿ ತಿಂದ ಕೋತಿಗಳು ಜಾಸ್ತಿಯೇನೂ ಬದುಕಲಿಲ್ಲ.

ಯಾಕೆ ಹೀಗೆ? ತಟ್ಟೆಯಲ್ಲಿ ಏನಿತ್ತು ಅಂತ ನೋಡಿದಾಗ ಗೊತ್ತಾಯಿತು. ವಿಸ್ಕಾನ್ಸಿನ್ ಕೋತಿಗಳ ಆಹಾರದಲ್ಲಿ ಸುಮಾರು 28 ಶೇಕಡಾ ಸಕ್ಕರೆ, ಇನ್ನೊಂದು ಕಡೆ 4ಕ್ಕಿಂತ ಕಮ್ಮಿ. ಜೊತೆಗೆ ಎರಡನೇ ಕಡೆ, ಪೂರ್ತಿ ಊಟ ಕೊಟ್ಟ ಕೋತಿಗಳಿಗೂ ಅಳತೆ ಇತ್ತು, ಸುಮ್ನೆ ಸುರಿದಿರಲಿಲ್ಲ. ಸಕ್ಕರೆ ತಿಂದು ದಪ್ಪ ಆಗುತ್ತಿದ್ದ ಕೋತಿಗೆ ಊಟ ಕಮ್ಮಿ ಮಾಡಿದರೆ ಲಾಭ ಕಾಣುತ್ತದೆ, ಮೊದಲೇ ಹದವಾಗಿ ತಿನ್ನುತ್ತಿದ್ದ ಕೋತಿಗೆ ಅಷ್ಟು ಕಾಣುವುದಿಲ್ಲ. 2017ರಲ್ಲಿ ಎರಡೂ ತಂಡದವರು ಒಟ್ಟಿಗೆ ಕೂತು ಅಂಕಿಗಳನ್ನು ಸೇರಿಸಿ ನೋಡಿದರು. ಕಮ್ಮಿ ಊಟದಿಂದ ಆರೋಗ್ಯಕ್ಕೆ ಒಳ್ಳೆಯದಾಗಿದ್ದು ನಿಜ, ಆದರೆ ಯಾವ ವಯಸ್ಸಿನಲ್ಲಿ ಶುರು ಮಾಡಿದರು, ಏನು ತಿನ್ನಿಸಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ ಅಂದರು.

ಈಗ ನನ್ನನ್ನು ನಿಜವಾಗಿ ಕಾಡಿದ ಸಂಗತಿಗೆ ಬರುತ್ತೇನೆ. ಪ್ರಯೋಗದ ಇಲಿಗಳನ್ನು ಸಾಕುವ ಮನೆಯನ್ನು ನಾನು ನೋಡಿದ್ದೇನೆ. ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಡಬೇಕು, ಬೇರೆ ನಿಲುವಂಗಿ ಹಾಕಬೇಕು, ಕೈ ತೊಳೆಯಬೇಕು, ಮೂಗು ಬಾಯಿ ಮುಚ್ಚಿಕೊಳ್ಳಬೇಕು. ಗಾಳಿಯನ್ನು ಸೋಸಿ ಬಿಡುತ್ತಾರೆ. ಪಂಜರದ ಹೊಟ್ಟನ್ನೂ ಆಹಾರವನ್ನೂ ಸೂಕ್ಷ್ಮಾಣು ಸಾಯುವ ಹಾಗೆ ಮಾಡಿಯೇ ಒಳಗೆ ತರುತ್ತಾರೆ. ಅಲ್ಲಿ ಇಲಿಗೆ ನೆಗಡಿ ಹತ್ತಿಸುವವರು ಯಾರೂ ಇಲ್ಲ. ನಮ್ಮ ಅಮ್ಮನ ಕೋಣೆಗೆ ಸ್ಕೂಲಿಂದ ಬಂದ ಮೊಮ್ಮಗಳು ಸೀನುತ್ತಾ ನುಗ್ಗುತ್ತಾಳೆ, ಮಳೆಗಾಲದಲ್ಲಿ ಗೋಡೆ ಬೂಷ್ಟು ಹಿಡಿಯುತ್ತದೆ, ಮದುವೆ ಮನೆಗೆ ಹೋಗಿ ಬಂದರೆ ಮನೆಗೆಲ್ಲಾ ಕೆಮ್ಮು. ಸೋಂಕೇ ಇಲ್ಲದ ಮನೆಯಲ್ಲಿ ಸಿಕ್ಕ ಆಯಸ್ಸನ್ನು ಈ ಮನೆಗೆ ಹೇಗೆ ಹೊಂದಿಸುವುದು?

ಆ ಪ್ರಶ್ನೆಗೂ ಉತ್ತರ ಹುಡುಕಿದವರಿದ್ದಾರೆ. ಎಲಿಜಬೆತ್ ಗಾರ್ಡ್ನರ್ ಅನ್ನುವ ಸಂಶೋಧಕಿ, ಕಮ್ಮಿ ಊಟದಲ್ಲಿ ಬೆಳೆದು ಮುದಿಯಾದ ಚಿಕ್ಕಿಲಿಗಳಿಗೆ ಫ್ಲೂ ವೈರಸ್ ಕೊಟ್ಟು ನೋಡಿದರು. 2005ರಲ್ಲಿ ಅದರ ಫಲಿತಾಂಶ ಬಂತು. ಬೇಕಾದಷ್ಟು ತಿಂದ ಮುದಿ ಇಲಿಗಳಿಗಿಂತ ಕಮ್ಮಿ ತಿಂದ ಮುದಿ ಇಲಿಗಳೇ ಜಾಸ್ತಿ ಸತ್ತವು. ಫ್ಲೂ ಬರದೇ ಇದ್ದಿದ್ದರೆ ಇವೇ ಇಲಿಗಳು ಜಾಸ್ತಿ ದಿನ ಬದುಕುತ್ತಿದ್ದವೇನೋ! ಸೋಂಕಿನ ಜೊತೆ ಹೋರಾಡಲು ದೇಹಕ್ಕೆ ಉಳಿತಾಯ ಬೇಕು. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹದ ಖರ್ಚು ಸುಮಾರು 10 ಶೇಕಡಾ ಏರುತ್ತದೆ, ಆ ಹೊತ್ತಿಗೆ ಊಟವೂ ಸೇರುವುದಿಲ್ಲ, ಆಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ರೋಗ ತಡೆಯುವ ಕಣಗಳಿಗೆ ಕೊಡುತ್ತದೆ. ಕರಗಿಸಲು ಏನೂ ಇಲ್ಲದಿದ್ದರೆ?

ಅಮ್ಮನ ವಿಷಯದಲ್ಲಿ ಆದದ್ದು ಇದೇ. ಜ್ವರ ಬಂದಾಗ ಅವರ ತೂಕ 41 ಕಿಲೋ. ಒಂಬತ್ತು ದಿನ ಹಾಸಿಗೆ. ಉಸಿರು ಸರಿಹೋಯಿತು, ಆದರೆ ಮನೆಗೆ ಬಂದ ಮೇಲೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ, ಬಚ್ಚಲಿಗೆ ಹೋಗಲು ಇಬ್ಬರು ಹಿಡಿದುಕೊಳ್ಳಬೇಕು. ಆಮೇಲೆ ಓದಿದೆ: ಅಮೆರಿಕದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನು ಹತ್ತು ದಿನ ಸುಮ್ನೆ ಹಾಸಿಗೆಯಲ್ಲಿ ಮಲಗಿಸಿದಾಗ, ಕಾಲುಗಳಿಂದಲೇ ಸುಮಾರು ಒಂದು ಕಿಲೋ ಮಾಂಸ ಇಳಿದಿತ್ತು. ಅವರಿಗೆ ಕಾಯಿಲೆಯೇ ಇರಲಿಲ್ಲ.

ನಮ್ಮ ಪಕ್ಕದ ನೀಲಗಿರಿಯಲ್ಲೇ ಇದರ ಸುಳಿವು ಸಿಕ್ಕು ಬಹಳ ಕಾಲವಾಗಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಒಂದು ಸಣ್ಣ ಘಟಕ ಶುರು ಮಾಡಿದರು. ಅದೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಯಿತು. ಅವರು ಭಾರತದ ಬೇರೆ ಬೇರೆ ಕಡೆಯ ಜನರ ಊಟವನ್ನೇ ಇಲಿಗಳಿಗೆ ಹಾಕಿದರು. ಗೋಧಿ ರೊಟ್ಟಿ, ಬೇಳೆ, ಹಾಲು, ತರಕಾರಿ ತಿಂದ ಇಲಿಗಳು ಗಟ್ಟಿಮುಟ್ಟಾಗಿದ್ದವು. ಹಾಲು ತರಕಾರಿ ಕಮ್ಮಿಯಾಗಿ ಬರೀ ಅಕ್ಕಿಯ ಊಟಕ್ಕೆ ಬಿದ್ದ ಇಲಿಗಳಿಗೆ ಶ್ವಾಸಕೋಶದ ಕಾಯಿಲೆ, ಹೊಟ್ಟೆಯ ಕಾಯಿಲೆ ಜಾಸ್ತಿ. ಅಮ್ಮನ ತಟ್ಟೆ ನೆನಪಾಗುತ್ತದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಆ ಮಜ್ಜಿಗೆ.

ಲೆಕ್ಕ ಹಾಕಿ ನೋಡಿ. ನಮ್ಮ ದೇಶದ ಶಿಫಾರಸು ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕು ಅನ್ನುತ್ತಾರೆ ಮುಪ್ಪಿನ ಪೋಷಣೆ ಬಲ್ಲ ತಜ್ಞರು. ಅಂದರೆ 50 ಕಿಲೋ ತೂಕದ ಅಜ್ಜಿಗೆ 50 ಗ್ರಾಮಾದರೂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಸುಮಾರು ಅಷ್ಟೇ, 100 ಗ್ರಾಂ ರಾಗಿ ಹಿಟ್ಟಿನಲ್ಲಿ 7. ಹುರುಳಿ, ತೊಗರಿಯಲ್ಲಿ 100ಕ್ಕೆ 22ರ ಹತ್ತಿರ. ಸಾರಿನ ತಿಳಿ ಬಡಿಸಿ ಬೇಳೆಯನ್ನು ಪಾತ್ರೆಯ ತಳದಲ್ಲೇ ಬಿಟ್ಟರೆ ಅಜ್ಜಿಗೆ ಸಿಗುವುದು ಹುಳಿ, ಉಪ್ಪು ಅಷ್ಟೇ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನು ಏರಿಸಬಾರದು.

ಈಗ ಮೊಬೈಲಿನಲ್ಲಿ ಉಪವಾಸದ ವಿಡಿಯೋಗಳು ಬೇಕಾದಷ್ಟು ಬರುತ್ತವೆ, ನೀವೂ ನೋಡಿರುತ್ತೀರಿ. ಮನುಷ್ಯರ ಮೇಲೆ ಎರಡು ವರ್ಷ ನಡೆದ ಒಳ್ಳೆಯ ಪ್ರಯೋಗವೊಂದಿದೆ, ಹೆಸರು ಕ್ಯಾಲೆರಿ. 25 ಶೇಕಡಾ ಕಮ್ಮಿ ತಿನ್ನಬೇಕು ಅಂತ ಗುರಿ, ಜನ ನಿಭಾಯಿಸಿದ್ದು ಸುಮಾರು 12. ರಕ್ತದೊತ್ತಡ, ಕೊಲೆಸ್ಟರಾಲ್ ಸುಧಾರಿಸಿತು. ಆದರೆ ಅದರಲ್ಲಿ 70 ದಾಟಿದವರು ಯಾರೂ ಇರಲಿಲ್ಲ. ನಲವತ್ತರ ಹೊಟ್ಟೆ ಬಂದ ಮಗ ರಾತ್ರಿ ಊಟ ಕಮ್ಮಿ ಮಾಡಲಿ, ಒಳ್ಳೆಯದೇ. ಅವನು ಅದೇ ವಿಡಿಯೋವನ್ನು 75ರ ತೆಳ್ಳಗಿನ ಅಮ್ಮನಿಗೆ ಕಳಿಸಬಾರದು. ಇದನ್ನು ನಾನು ಕೈಮುಗಿದು ಹೇಳುತ್ತೇನೆ.

ಇನ್ನೊಂದು ಮಾತು, ಬಾಯಿಯ ಬಗ್ಗೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಅರ್ಧ ಜನರಿಗೆ ಪ್ರತಿ ಊಟದ ನಂತರ ಹಲ್ಲು, ಬಾಯಿ ಚೊಕ್ಕ ಮಾಡಿಸಿದರು, ಇನ್ನರ್ಧ ಜನರಿಗೆ ಮಾಡಿಸಲಿಲ್ಲ. ಎರಡು ವರ್ಷದಲ್ಲಿ, ಮಾಡಿಸದವರಲ್ಲಿ 100ಕ್ಕೆ 19 ಜನರಿಗೆ ನ್ಯುಮೋನಿಯಾ ಬಂತು, ಮಾಡಿಸಿದವರಲ್ಲಿ 11 ಜನರಿಗೆ. 1999ರಲ್ಲಿ ಇದು ಪ್ರಕಟವಾಯಿತು. ವಯಸ್ಸಾದವರು ಮಲಗಿದಾಗ ಬಾಯಿಯ ಎಂಜಲು ತಿಳಿಯದ ಹಾಗೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದರ ಜೊತೆ ಬಾಯಿಯ ಸೂಕ್ಷ್ಮಾಣುಗಳೂ ಇಳಿಯುತ್ತವೆ. ಒಂದು ಬ್ರಷ್ಷಿನಿಂದ ಆಗುವ ಕೆಲಸ ಇದು! ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು, ಯಾಕೆಂದರೆ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಡಾಕ್ಟರನ್ನು ಕೇಳಿ.

ಗಾರ್ಡ್ನರ್ ಅವರ ತಂಡದವರೇ ಇನ್ನೊಂದು ಪ್ರಯೋಗ ಮಾಡಿ, ಕಮ್ಮಿ ತಿಂದ ಇಲಿಗಳಿಗೆ ಎರಡು ವಾರ ಹೊಟ್ಟೆತುಂಬ ಹಾಕಿದರು. ತೂಕ ಮರಳಿತು, ಫ್ಲೂ ಬಂದಾಗ ರೋಗ ತಡೆಯುವ ಕಣಗಳೂ ಮೊದಲಿನಷ್ಟು ಸೋಲಲಿಲ್ಲ. ಅಮ್ಮನಿಗೆ ಎರಡು ವಾರ ಸಾಲಲಿಲ್ಲ, ಐದು ತಿಂಗಳು ಹಿಡಿಯಿತು. ದಿನಾ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿಸಿದೆವು. ಈಗ ತೂಕ 46. ರಾತ್ರಿ ಎಂಟಕ್ಕೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಗಟ್ಟಿ ತೊವ್ವೆ, ಒಂದು ಮೊಟ್ಟೆ, ಮೊಟ್ಟೆ ಬೇಡ ಅಂದ ದಿನ ಗಟ್ಟಿ ಮೊಸರು. ಊಟ ಆದ ಮೇಲೆ ಅವರ ಹಲ್ಲುಸೆಟ್ಟನ್ನು ಬ್ರಷ್ಷಿನಿಂದ ಉಜ್ಜಿ, ಬಟ್ಟಲ ನೀರಿನಲ್ಲಿ ಹಾಕಿಡುವುದು ಮೊಮ್ಮಗಳ ಕೆಲಸ. ಸ್ಕೂಲಿಂದ ಬಂದವಳು ಮೊದಲು ಕೈ ತೊಳೆದು ಆಮೇಲೆ ಅಜ್ಜಿಯ ಕೋಣೆಗೆ ಹೋಗುತ್ತಾಳೆ.

ಕೇಳಿದ್ದಕ್ಕೆ ವಂದನೆ. ನಮಸ್ಕಾರ.